ಹಳೆಯ ಅಡುಗೆ, ಹೊಸ ಒಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿರುವುದು ಒಂದೇ: ಅಮ್ಮ, ಅಜ್ಜಿ ಮಾಡುತ್ತಿದ್ದ ಹಾಗೆಯೇ ಮಾಡಿದರೂ ಆ ರುಚಿ ಯಾಕೆ ಬರುವುದಿಲ್ಲ? ‘ಕೈಗುಣ’ ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಪತ್ರಗಳನ್ನು ಒಂದೊಂದಾಗಿ ಓದಿದರೆ ತೊಡಕು ಇರುವುದು ಅಳತೆಯಲ್ಲಿ, ಪಾತ್ರೆಯಲ್ಲಿ, ಉರಿಯಲ್ಲಿ, ಯಾವುದು ಮೊದಲು ಯಾವುದು ಆಮೇಲೆ ಎಂಬುದರಲ್ಲಿ. ಇವೆಲ್ಲ ತಿದ್ದಿಕೊಳ್ಳಬಹುದಾದವೇ.

ಅಜ್ಜಿಯ ಕೈಬರಹದ ಪುಸ್ತಕದಲ್ಲಿ ಒಬ್ಬಟ್ಟಿಗೆ ‘ಕಡಲೆಬೇಳೆ 1 ಸೇರು, ಬೆಲ್ಲ 3 ಸೇರು’ ಎಂದಿದೆ. ಹಾಗೆಯೇ ಬೇಳೆಯ ಮೂರರಷ್ಟು ಬೆಲ್ಲ ಹಾಕಿದೆ. ಹೂರಣ ನೀರಾಗಿ ಹರಿಯಿತು, ಬಾಯಿಗಿಡಲಾಗದಷ್ಟು ಸಿಹಿ. ಬರೆಯುವಾಗಲೇ ತಪ್ಪಾಗಿರಬಹುದೇ?
— ತಿಪಟೂರಿನ ಓದುಗರು

ಅಜ್ಜಿ ಸರಿಯಾಗಿಯೇ ಬರೆದಿದ್ದಾರೆ. ಹಳೇ ಮೈಸೂರು ಕಡೆಯ ಮನೆಗಳಲ್ಲಿ ಸೇರು ಎರಡು ಬಗೆ. ಅಕ್ಕಿ, ರಾಗಿ, ಬೇಳೆ, ಹಾಲು, ಎಣ್ಣೆಗೆ ಅಳತೆಯ ಸೇರು, ಅಂದರೆ ಪಾತ್ರೆಗೆ ತುಂಬಿ ಅಳೆಯುವುದು. ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿ, ಬೆಣ್ಣೆಗೆ ತಕ್ಕಡಿಯ ಸೇರು. ಬರೆಯುವಾಗ ಎರಡಕ್ಕೂ ‘ಸೇರು’ ಎಂದೇ ಬರೆಯುತ್ತಿದ್ದರು, ಯಾವುದಕ್ಕೆ ಯಾವುದು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ತಕ್ಕಡಿಯ ಕಚ್ಚಾ ಸೇರಿಗೆ 24 ತೊಲ. ತೊಲಕ್ಕೆ 11.66 ಗ್ರಾಂ ಹಿಡಿದರೆ ಸೇರಿಗೆ ಸುಮಾರು 280 ಗ್ರಾಂ. ತರಕಾರಿ ಲೆಕ್ಕದಲ್ಲಿ ಬರುವ ವೀಸೆ ಇಂಥ ಐದು ಸೇರು, ಸುಮಾರು 1.4 ಕಿಲೋ. ಹಾಗಾಗಿ ನಿಮ್ಮ ಮೂರು ಸೇರು ಬೆಲ್ಲ ಎಂದರೆ 840 ಗ್ರಾಂ. ಅಳತೆಯ ಸೇರು ಹೆಚ್ಚುಕಡಿಮೆ ಒಂದು ಲೀಟರ್ ಪಾತ್ರೆ, ಅದರಲ್ಲಿ ಕಡಲೆಬೇಳೆ 800 ಗ್ರಾಂ ಆಸುಪಾಸು ಹಿಡಿಯುತ್ತದೆ. ತೂಕದಲ್ಲಿ ಬೇಳೆಯಷ್ಟೇ ಬೆಲ್ಲ ಎಂಬ ಒಬ್ಬಟ್ಟಿನ ಲೆಕ್ಕಕ್ಕೆ ಇದು ತಾಳೆಯಾಗುತ್ತದೆ.

ಪುಸ್ತಕದ ಉಳಿದ ಪುಟಗಳಿಗೂ ಬೇಕಾಗುವ ಲೆಕ್ಕ ಇದು: ನಾಲ್ಕು ಚಟಾಕು ಒಂದು ಪಾವು, ಎರಡು ಪಾವು ಒಂದು ಅಚ್ಚೇರು, ಎರಡು ಅಚ್ಚೇರು ಒಂದು ಸೇರು. ಮನೆಯಲ್ಲಿ ಹಳೆಯ ಹಿತ್ತಾಳೆಯ ಪಾವು ಉಳಿದಿದ್ದರೆ ಅದಕ್ಕೆ ನೀರು ತುಂಬಿ, ಮಿಲಿಲೀಟರ್ ಗುರುತಿರುವ ಲೋಟಕ್ಕೆ ಸುರಿದು ನೋಡಿ. ಊರಿಂದೂರಿಗೆ ಪಾವು ಕೊಂಚ ಬದಲಾಗುತ್ತಿತ್ತು, ನಿಮ್ಮ ಪುಸ್ತಕಕ್ಕೆ ನಿಮ್ಮ ಮನೆಯ ಪಾವೇ ಪ್ರಮಾಣ. ಧಾನ್ಯವನ್ನು ಗೋಪುರ ಬರುವಂತೆ ಅಳೆಯುತ್ತಿದ್ದರೋ ತಲೆ ಸವರಿ ಅಳೆಯುತ್ತಿದ್ದರೋ ಎಂದು ಮನೆಯ ಹಿರಿಯರನ್ನು ಕೇಳಿಕೊಳ್ಳಿ, ಅದರಿಂದಲೂ ವ್ಯತ್ಯಾಸ ಬರುತ್ತದೆ. ಮುಂಬೈ ಕರ್ನಾಟಕದ ಕಡೆಯ ಪುಸ್ತಕಗಳಲ್ಲಿ 80 ತೊಲದ ಪಕ್ಕಾ ಸೇರು, ಅಂದರೆ 933 ಗ್ರಾಂ, ಬರುವುದುಂಟು. 1956ರ ತೂಕ–ಅಳತೆ ಕಾಯಿದೆಯ ನಂತರ, ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಅಂಗಡಿಗಳಿಗೆ ಕಿಲೋಗ್ರಾಂ ಬಂದರೂ ಅಡುಗೆಮನೆಗಳಲ್ಲಿ ಸೇರು, ಪಾವು ಬಹಳ ಕಾಲ ನಡೆದವು. ಆದ್ದರಿಂದ ಪುಸ್ತಕದ ಇಸವಿ ನೋಡಿ ತೀರ್ಮಾನಿಸಬೇಡಿ, ಪದಾರ್ಥ ನೋಡಿ ತೀರ್ಮಾನಿಸಿ.

ಹೂರಣ ನೀರಾಗಲು ಇನ್ನೊಂದು ಕಾರಣ, ಬೇಳೆಯ ಕಟ್ಟನ್ನು ಪೂರ್ತಿ ಬಸಿಯದಿರುವುದು. ಬೇಳೆ ಬೆರಳಲ್ಲಿ ಒತ್ತಿದರೆ ನುಣ್ಣಗಾಗಬೇಕು, ಆದರೆ ಪಾತ್ರೆಯಲ್ಲಿ ಕರಗಿರಬಾರದು. ಕುಕ್ಕರಿನಲ್ಲಿ ಕೂಗಿಸಿದರೆ ಈ ಹದ ತಪ್ಪುವುದೇ ಹೆಚ್ಚು, ತೆರೆದ ಪಾತ್ರೆಯಲ್ಲೇ ಬೇಯಿಸಿ. ಬಸಿದ ಕಟ್ಟು ಒಬ್ಬಟ್ಟಿನ ಸಾರಿಗೆ. ಬೆಲ್ಲ ಹಾಕಿದ ಮೇಲೆ ಸೌಟು ನಿಲ್ಲಿಸಿದರೆ ಬೀಳದೆ ನಿಲ್ಲುವ ತನಕ ಕೆದಕಿ, ಆಮೇಲೆ ರುಬ್ಬಿ.

ಪುಣೆಯಲ್ಲಿದ್ದೇವೆ. ಊರಿಂದ ಹೊಸ ಕಲ್ಚಟ್ಟಿ ತಂದೆ. ಮೊದಲ ದಿನ ಹುಳಿ ಕುದಿಸುವಾಗಲೇ ತಳ ಸೀಳಿತು. ಕಲ್ಲಿನದೇ ದೋಷವೋ?
— ಪುಣೆಯ ಓದುಗರು

ಪಳಗಿಸದೆ ಒಲೆಗೇರಿಸಿದ್ದೇ ಕಾರಣವಿರಬೇಕು. ಕಲ್ಚಟ್ಟಿಯದು ಬಳಪದ ಕಲ್ಲು. ಬೇಲೂರು, ಹಳೇಬೀಡಿನ ಶಿಲ್ಪಗಳನ್ನು ಕೆತ್ತಿರುವುದೂ ಈ ಮೆದು ಜಾತಿಯ ಕಲ್ಲಿನಲ್ಲೇ. ಹೊಸ ಕಲ್ಲಿನಲ್ಲಿ ಕಣ್ಣಿಗೆ ಕಾಣದ ಸಂದುಗಳಿರುತ್ತವೆ, ಅವುಗಳಲ್ಲಿ ತೇವ ನಿಂತಿರುತ್ತದೆ. ಒಮ್ಮೆಲೇ ಕಾಯಿಸಿದರೆ ಆ ತೇವ ಆವಿಯಾಗಿ ಕಲ್ಲನ್ನು ಒಡೆಯುತ್ತದೆ. ಒಂದು ಕಡೆ ಬೇಗ ಕಾದು ಇನ್ನೊಂದು ಕಡೆ ತಣ್ಣಗಿದ್ದರೂ ಬಿರುಕು ಬರುತ್ತದೆ.

ಪಳಗಿಸುವ ಕ್ರಮ ಹೀಗೆ. ಸೋಪು ಮುಟ್ಟಿಸದೆ ಬರೀ ನೀರಲ್ಲಿ ತೊಳೆದು, ನೆರಳಲ್ಲಿ ಒಂದು ದಿನ ಆರಿಸಿ. ಹರಳೆಣ್ಣೆಗೆ ಅರಿಶಿನ ಕಲಸಿ ಒಳಗೂ ಹೊರಗೂ ತಳಕ್ಕೂ ಸವರಿ ರಾತ್ರಿಯಿಡೀ ಬಿಡಿ. ಮರುದಿನ ಒರೆಸಿ, ಅನ್ನ ಬಸಿದ ಬಿಸಿ ಗಂಜಿಯನ್ನು ತುಂಬಿಡಿ. ದಿನವೂ ಗಂಜಿ ಬದಲಿಸುತ್ತಾ ಒಂದು ವಾರ ಹೀಗೆ ಮಾಡಿ, ನಡುವೆ ಒಂದೆರಡು ಸಲ ಎಣ್ಣೆ–ಅರಿಶಿನ ಮತ್ತೆ ಸವರಿ. ವಾರವಾದ ಮೇಲೆ ಗಂಜಿ ತುಂಬಿಯೇ ಅತಿ ಸಣ್ಣ ಉರಿಯಲ್ಲಿಟ್ಟು, ಅರ್ಧ ಗಂಟೆಯಲ್ಲಿ ಕುದಿ ಬರುವಷ್ಟು ನಿಧಾನವಾಗಿ ಕಾಯಿಸಿ, ಹಾಗೇ ಆರಲು ಬಿಡಿ. ಇದನ್ನು ಎರಡು ಮೂರು ದಿನ ಮಾಡಿದ ಮೇಲೆ ಅಡುಗೆಗೆ ಇಳಿಸಬಹುದು. ಬಿಳಿಚಿದ್ದ ಕಲ್ಲು ಆ ಹೊತ್ತಿಗೆ ಕಪ್ಪಾಗುತ್ತಾ ಬಂದಿರುತ್ತದೆ.

ಬರಿದಾಗಿ ಒಲೆಯ ಮೇಲಿಡಬೇಡಿ. ಬಿಸಿ ಚಟ್ಟಿಗೆ ತಣ್ಣೀರು ಸುರಿಯಬೇಡಿ, ಒದ್ದೆ ಕಟ್ಟೆಯ ಮೇಲೂ ಇಳಿಸಬೇಡಿ, ಮಣೆಯೋ ಸಿಂಬಿಯೋ ಇರಲಿ. ಇಂಡಕ್ಷನ್ ಒಲೆಯಲ್ಲಿ ಇದು ಕಾಯುವುದೇ ಇಲ್ಲ.

ರುಚಿಯ ವಿಷಯ. ಕಲ್ಚಟ್ಟಿ ಒಲೆಯಿಂದ ಇಳಿಸಿದ ಮೇಲೂ ಐದು ನಿಮಿಷ ಕುದಿಯುತ್ತಲೇ ಇರುತ್ತದೆ. ತೆಂಗಿನಕಾಯಿ ರುಬ್ಬಿ ಹಾಕಿದ ಹುಳಿಯನ್ನು ಸ್ಟೀಲ್ ಪಾತ್ರೆಯ ಅಂದಾಜಿನಲ್ಲಿ ಕುದಿಸಿದರೆ ಕಾಯಿ ಒಡೆದು ಎಣ್ಣೆ ಬಿಡುತ್ತದೆ. ಅಂಚಿನಲ್ಲಿ ಗುಳ್ಳೆ ಕಂಡ ಕೂಡಲೇ ಉರಿ ಆರಿಸಿ, ಉಳಿದದ್ದನ್ನು ಕಲ್ಲು ಮಾಡಿಕೊಳ್ಳುತ್ತದೆ. ಹುಣಸೆಹುಳಿಗೆ ಈ ಕಲ್ಲು ಪ್ರತಿಕ್ರಿಯಿಸುವುದಿಲ್ಲ, ಅದಕ್ಕೇ ಗೊಜ್ಜು, ಹುಳಿ, ಸಾರಿಗೆ ಇದನ್ನು ಮೀಸಲಿಟ್ಟಿದ್ದರು.

ಒಲೆಯ ಮೇಲೆ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಎರಡು ಗಂಟೆಯಾದರೂ ಬೇಯುವುದಿಲ್ಲ. ಹಿಂದಿನವರು ಹೇಗೆ ಬೇಯಿಸುತ್ತಿದ್ದರು?
— ಚಿತ್ರದುರ್ಗದ ಓದುಗರು

ಹುಣಸೆಹುಳಿ, ಟೊಮೇಟೊ, ಉಪ್ಪು ಮೂರನ್ನೂ ಬೇಳೆ ಪೂರ್ತಿ ಬೆಂದ ಮೇಲೆಯೇ ಹಾಕಿ. ಹುಳಿ ಸೇರಿದ ಕ್ಷಣದಿಂದ ಬೇಳೆ ಮೆತ್ತಗಾಗುವುದು ನಿಲ್ಲುತ್ತದೆ. ಬೋರ್‌ವೆಲ್ಲಿನ ಗಡಸು ನೀರಿದ್ದರೂ ಇದೇ ಪಾಡು, ಕುಡಿಯುವ ಸಿಹಿನೀರು ಬಳಸಿ. ನೀರು ಚೆನ್ನಾಗಿ ಕುದಿದ ಮೇಲೆ ಬೇಳೆ ಹಾಕಿ, ಚಿಟಿಕೆ ಅರಿಶಿನ, ಅರ್ಧ ಚಮಚ ಹರಳೆಣ್ಣೆ ಬಿಡಿ. ಎಣ್ಣೆಯಿಂದ ನೊರೆ ಉಕ್ಕುವುದು ತಗ್ಗುತ್ತದೆ. ನಡುವೆ ನೀರು ಬೇಕಾದರೆ ಕುದಿಯುವ ನೀರನ್ನೇ ಸೇರಿಸಿ. ವರ್ಷ ಕಳೆದ ಹಳೆಯ ಬೇಳೆ ಏನು ಮಾಡಿದರೂ ತಡವಾಗಿಯೇ ಬೇಯುತ್ತದೆ.

ಮಲೆನಾಡಿನ ಅಪ್ಪೆಮಿಡಿ ತರಿಸಿ ಉಪ್ಪಿನಕಾಯಿ ಹಾಕಿದೆ. ಮೂರೇ ತಿಂಗಳಲ್ಲಿ ಮಿಡಿ ಮೆತ್ತಗಾಯಿತು, ಮೇಲೆ ಬಿಳಿ ಬೂಷ್ಟು. ಸಾಗರದ ನಮ್ಮ ಮನೆಯಲ್ಲಿ ಮೂರು ವರ್ಷದ ಮಿಡಿಯೂ ಕಟುಂ ಎನ್ನುತ್ತಿತ್ತು.
— ಬೆಂಗಳೂರಿನ ಓದುಗರು

ಮಿಡಿ ಕೆಡುವುದು ಬಹುಮಟ್ಟಿಗೆ ಭರಣಿ ಸೇರುವ ಮುಂಚೆಯೇ. ಮರ ಅಲುಗಿಸಿ ಬೀಳಿಸಿದ ಮಿಡಿಗೆ ಒಳಗೆ ಪೆಟ್ಟಾಗಿರುತ್ತದೆ. ಹೊರಗಿನಿಂದ ಏನೂ ಕಾಣದು, ಉಪ್ಪಿನಲ್ಲಿ ಆ ಜಾಗವೇ ಮೊದಲು ಕೊಳೆಯುವುದು. ಅಘನಾಶಿನಿ, ಶರಾವತಿ, ವರದಾ ನದಿಗಳ ದಂಡೆಯ ಮರಗಳಿಂದ ಮಿಡಿ ಕೊಯ್ಯುವವರು ಗೊಂಚಲು ಸಮೇತ ಕೊಯ್ದು ಬುಟ್ಟಿಯಲ್ಲಿ ಇಳಿಸುವುದು ಇದಕ್ಕಾಗಿಯೇ. ಕೊಳ್ಳುವಾಗ ಒಂದು ಮಿಡಿಯನ್ನು ಸೀಳಿ ನೋಡಿ. ಒಳಗಿನ ಗೊರಟಿಗೆ ಉಗುರು ಸಲೀಸಾಗಿ ಇಳಿಯಬೇಕು. ಓಟೆ ಗಟ್ಟಿಯಾಗಿದ್ದರೆ ಅದು ಮಿಡಿಯ ಹದ ದಾಟಿದೆ, ಹೋಳಿನ ಉಪ್ಪಿನಕಾಯಿಗೆ ಆದೀತು.

ತೊಟ್ಟನ್ನು ಒಂದು ಬೆರಳಗಲ ಬಿಟ್ಟು ಕತ್ತರಿಸಿ. ಬುಡಕ್ಕೇ ಮುರಿದರೆ ಸೊನೆಯೆಲ್ಲ ಸೋರಿಹೋಗುತ್ತದೆ. ಅಪ್ಪೆಮಿಡಿಯ ಜೀರಿಗೆಯಂಥ, ಕರ್ಪೂರದಂಥ ಪರಿಮಳವಿರುವುದು ಆ ಸೊನೆಯಲ್ಲೇ, ಮಿಡಿ ತಾಳುವುದಕ್ಕೂ ಅದು ಬೇಕು. ಬೇಗ ತೊಳೆದು, ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿ, ನೆರಳಲ್ಲಿ ಹರಡಿ. ತೊಟ್ಟಿನ ಬುಡದಲ್ಲಿ ನೀರು ನಿಂತಿರುವುದು ಇಲ್ಲಿ ಹೆಚ್ಚಾಗಿ ಆಗುವ ತಪ್ಪು.

ಉಪ್ಪು ತೂಗಿಯೇ ಹಾಕಿ: ನಾಲ್ಕು ಕಿಲೋ ಮಿಡಿಗೆ ಒಂದು ಕಿಲೋ ಹರಳುಪ್ಪು. ಹಳೆಯ ಪುಸ್ತಕಗಳ ಹಿಡಿ, ಬೊಗಸೆಯ ಲೆಕ್ಕವೆಲ್ಲ ಹರಳುಪ್ಪಿನದು. ಪುಡಿಯುಪ್ಪನ್ನು ಅದೇ ಅಳತೆಯಲ್ಲಿ ಹಾಕಿದರೆ ತೂಕ ಬೇರೆಯಾಗುತ್ತದೆ. ಹರಳುಪ್ಪನ್ನು ಬಿಸಿಲಲ್ಲಿ ಒಣಗಿಸಿ, ಒಣಗಿದ ಭರಣಿಯಲ್ಲಿ ಒಂದು ಪದರ ಉಪ್ಪು, ಒಂದು ಪದರ ಮಿಡಿ ಹೀಗೆ ತುಂಬಿ, ಮೇಲೆ ಉಪ್ಪಿನಿಂದಲೇ ಮುಚ್ಚಿ. ತೊಳೆದು ಒಣಗಿಸಿದ ಕಲ್ಲನ್ನು ಹೇರಿ. ಎರಡು ಮೂರು ದಿನದಲ್ಲಿ ನೀರು ಬಿಡುತ್ತದೆ. ಅಲ್ಲಿಂದ ದಿನಕ್ಕೊಮ್ಮೆ ಒಣ ಮರದ ಸೌಟಿನಲ್ಲಿ ಅಡಿಮೇಲು ಮಾಡಿ. ಎರಡು ವಾರದ ಹೊತ್ತಿಗೆ, ಕೆಲವು ಜಾತಿಗೆ ಮೂರು ವಾರವೂ ಬೇಕು, ಮಿಡಿ ಚಿರುಟಿ ಉಪ್ಪುನೀರಿನಲ್ಲಿ ಮುಳುಗುತ್ತದೆ. ತೇಲುತ್ತಿರುವ, ಇನ್ನೂ ಚಿರುಟದ ಮಿಡಿಗಳನ್ನು ಆರಿಸಿ ಬೇರೆಯಿಡಿ, ಅವೇ ಉಳಿದವನ್ನೂ ಕೆಡಿಸುವುದು.

ಆಮೇಲೆ ಮಿಡಿಗಳನ್ನು ತೆಗೆದು ಬಟ್ಟೆಯ ಮೇಲೆ ಹರಡಿ. ಉಪ್ಪುನೀರನ್ನು ಕುದಿಸಿ, ಸೋಸಿ, ಪೂರ್ತಿ ತಣಿಸಿ. ಕೈಗೆ ಬೆಚ್ಚಗಿದ್ದರೂ ಕಾಯಿರಿ, ಬಿಸಿ ನೀರು ತಗುಲಿದ ಮಿಡಿ ಬೆಂದ ಹಾಗೆ ಮೆತ್ತಗಾಗುತ್ತದೆ. ಒಂದು ಕಿಲೋ ಹಸಿ ಮಿಡಿಗೆ 150 ಗ್ರಾಂ ಬ್ಯಾಡಗಿ ಮೆಣಸಿನಕಾಯಿ, 75 ಗ್ರಾಂ ಸಾಸಿವೆ, ಎರಡು ಚಮಚ ಅರಿಶಿನ. ಸಾಸಿವೆಯನ್ನು ಹುರಿಯಬೇಡಿ, ಹಸಿಯಾಗಿಯೇ ಇರಲಿ. ಸಾಸಿವೆಯ ಘಾಟು ಹುಟ್ಟುವುದು ಹಸಿ ಕಾಳು ಒಡೆದು ನೀರು ಸೇರಿದಾಗ. ಹುರಿದರೆ ಆ ಘಾಟು ಹುಟ್ಟುವುದಿಲ್ಲ, ಉಪ್ಪಿನಕಾಯಿಯನ್ನು ಕಾಯುವ ಶಕ್ತಿಯೂ ಅಷ್ಟರ ಮಟ್ಟಿಗೆ ಹೋಗುತ್ತದೆ. ಎಲ್ಲವನ್ನೂ ಆ ತಣಿದ ಉಪ್ಪುನೀರಿನಲ್ಲೇ ನುಣ್ಣಗೆ ರುಬ್ಬಿ, ಮಿಡಿಗೆ ಕಲಸಿ, ಒತ್ತಿ ತುಂಬಿ. ರಸ ಮಿಡಿಯ ಮೇಲೆ ಎರಡು ಬೆರಳಾದರೂ ನಿಲ್ಲಬೇಕು. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಒಂದು ತಿಂಗಳು ಬಿಡಿ.

ನೀವು ಹೇಳುವ ಬಿಳಿ ಪೊರೆ ಗಾಳಿ ತಗುಲಿದ ಮೇಲ್ಭಾಗದಲ್ಲಿ ಬರುವುದು. ತೆಳುವಾಗಿದ್ದು ವಾಸನೆ ಸರಿಯಿದ್ದರೆ ತೆಗೆದುಹಾಕಿ, ಹೊಸದಾಗಿ ಉಪ್ಪು ಕರಗಿಸಿ ಕುದಿಸಿ ತಣಿಸಿದ ನೀರನ್ನು ಮಿಡಿ ಮುಳುಗುವಷ್ಟು ತುಂಬಿ. ಹಸಿರು, ಕಪ್ಪು ಬೂಷ್ಟು ಕಂಡರೆ, ಕೊಳೆತ ವಾಸನೆ ಬಂದರೆ ಭರಣಿಯನ್ನೇ ಚೆಲ್ಲಿ. ಎಷ್ಟೇ ಬೆಲೆ ಕೊಟ್ಟು ತಂದಿದ್ದರೂ ಅದನ್ನು ಉಳಿಸಿಕೊಳ್ಳಬಾರದು.

ಮನೆಯಲ್ಲೇ ಮಾಡಿದ ಸಾರಿನ ಪುಡಿಗೆ ಮೊದಲ ವಾರ ಇರುವ ಘಮ ಆಮೇಲೆ ಇರುವುದಿಲ್ಲ. ಸಾರಿನಲ್ಲಿ ಕೊಂಚ ಕಹಿಯೂ ಬರುತ್ತದೆ.
— ಮೈಸೂರಿನ ಓದುಗರು

ಕಹಿ ಬರುವುದು ಮೆಂತ್ಯದಿಂದ. ಎಲ್ಲವನ್ನೂ ಒಂದೇ ಬಾಣಲೆಯಲ್ಲಿ ಒಟ್ಟಿಗೆ ಹುರಿದರೆ ಧನಿಯ ಹದಕ್ಕೆ ಬರುವಷ್ಟರಲ್ಲಿ ಮೆಂತ್ಯ ಕಪ್ಪಾಗಿರುತ್ತದೆ. ಬ್ಯಾಡಗಿ ಮೆಣಸಿನಕಾಯಿ 250 ಗ್ರಾಂ, ಧನಿಯ 250 ಗ್ರಾಂ, ಜೀರಿಗೆ 50, ಕರಿಮೆಣಸು 50, ಮೆಂತ್ಯ 25, ಸಾಸಿವೆ 25, ಗಟ್ಟಿ ಇಂಗು ಗೋಲಿ ಗಾತ್ರ, ಕರಿಬೇವು ಎರಡು ಹಿಡಿ. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ಮೆಂತ್ಯ ಕೆಂಪಗಾದ ಕೂಡಲೇ ಬಾಣಲೆಯಿಂದ ತೆಗೆಯಿರಿ, ಉರಿ ಆರಿಸಿ ಅಲ್ಲೇ ಬಿಟ್ಟರೂ ಅದು ಹುರಿಯುತ್ತಲೇ ಇರುತ್ತದೆ. ಜೀರಿಗೆ ಬಿಸಿಯಾದರೆ ಸಾಕು. ಮೆಣಸಿನಕಾಯಿಗೆ ಒಂದು ಚಮಚ ಹರಳೆಣ್ಣೆ ಸವರಿ, ಸಣ್ಣ ಉರಿಯಲ್ಲಿ ಗರಿಗರಿಯಾಗುವ ತನಕ ಮಾತ್ರ. ಬ್ಯಾಡಗಿಯ ಬೆಲೆಯೆಲ್ಲ ಅದರ ಬಣ್ಣದಲ್ಲಿ, ಹೆಚ್ಚು ಹುರಿದರೆ ಸಾರು ಕಂದಾಗುತ್ತದೆ. ಖಾರ ಬೇಕಾದವರು 50 ಗ್ರಾಂ ಬ್ಯಾಡಗಿ ತೆಗೆದು ಅಷ್ಟೇ ಗುಂಟೂರು ಹಾಕಿಕೊಳ್ಳಿ.

ಗಿರಣಿಯಿಂದ ಪುಡಿ ಬಿಸಿಯಾಗಿ ಬರುತ್ತದೆ. ಹಾಗೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಗಂಟಾಗುತ್ತದೆ. ಪೇಪರಿನ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ತುಂಬಿ. ಒಂದು ವಾರಕ್ಕಾಗುವಷ್ಟನ್ನು ಸಣ್ಣ ಡಬ್ಬಿಗೆ ಹಾಕಿಕೊಂಡು ದೊಡ್ಡ ಡಬ್ಬಿಯನ್ನು ಮುಚ್ಚಿಯೇ ಇಡಿ. ದಿನಕ್ಕೆರಡು ಸಲ ತೆರೆಯುವ ಡಬ್ಬಿಯಲ್ಲಿ ಘಮ ನಿಲ್ಲುವುದಿಲ್ಲ.

ಸಾರು ಕುದಿಸುವುದರಲ್ಲೂ ಎಚ್ಚರ ಬೇಕು. ಹುಣಸೆರಸ, ಉಪ್ಪು, ಒಂದು ಚೂರು ಬೆಲ್ಲ, ನಾಲ್ಕು ಜನರಿಗೆ ಎರಡು ಚಮಚ ಪುಡಿ ಹಾಕಿ ಹಸಿ ವಾಸನೆ ಹೋಗುವಂತೆ ಐದಾರು ನಿಮಿಷ ಕುದಿಸಿ, ಬೆಂದ ಬೇಳೆಯ ಕಟ್ಟು ಸೇರಿಸಿ. ನೊರೆ ಕಟ್ಟಿ ಮೇಲೇಳುತ್ತಿದ್ದಂತೆ ಇಳಿಸಿ, ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು ಮುಚ್ಚಿಡಿ. ನೊರೆ ಬಂದ ಮೇಲೂ ಕುದಿಸುತ್ತಲೇ ಇದ್ದರೆ ಬೀದಿಗೆಲ್ಲ ಸಾರಿನ ವಾಸನೆ ಹರಡುತ್ತದೆ, ತಟ್ಟೆಯ ಸಾರಿಗೆ ಉಳಿಯುವುದಿಲ್ಲ.

ಅಜ್ಜಿ ಬಿಟ್ಟುಹೋದ ಹಿತ್ತಾಳೆ ಬಾಣಲೆಯಲ್ಲಿ ಪುಳಿಯೋಗರೆ ಗೊಜ್ಜು ಕಾಯಿಸಿದೆ. ಹಸಿರು ಬಣ್ಣ ಬಂತು, ತಿಂದವರಿಗೆ ಹೊಟ್ಟೆ ತೊಳೆಸಿತು.
— ಹಾಸನದ ಓದುಗರು

ಅದು ಕಿಲುಬು. ಗೊಜ್ಜನ್ನು ಪೂರ್ತಿ ಚೆಲ್ಲಿ, ತಿಂದವರಿಗೆ ವಾಂತಿ ನಿಲ್ಲದಿದ್ದರೆ ವೈದ್ಯರ ಬಳಿ ಕರೆದೊಯ್ಯಿರಿ. ಹುಳಿ ಮುಟ್ಟುವ ಹಿತ್ತಾಳೆ, ತಾಮ್ರದ ಪಾತ್ರೆಗೆ ಒಳಗೆ ಕಲಾಯಿ ಇರಲೇಬೇಕು. ಕಲಾಯಿಯವರು ಪಾತ್ರೆ ಕಾಯಿಸಿ, ನವಸಾಗರ ಉಜ್ಜಿ, ತವರ ಕರಗಿಸಿ ಬಟ್ಟೆಯಲ್ಲಿ ಬಳಿಯುತ್ತಾರೆ. ಶುದ್ಧ ತವರವನ್ನೇ ಹಾಕಿಸಿ, ಸೀಸ ಬೆರೆತದ್ದು ಪಾತ್ರೆಗೆ ಬರಬಾರದು. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಕಲಾಯಿ ಪಾತ್ರೆಯನ್ನು ಬರಿದಾಗಿ ಕಾಯಿಸಬಾರದು, ಅದರಲ್ಲಿ ಹುರಿಯುವುದೂ ಬೇಡ. ಒಳಗೆ ಸ್ಟೀಲಿನ ನಾರು ಹಾಕಿ ಉಜ್ಜಬೇಡಿ. ಬೆಳ್ಳಗಿರುವ ಒಳಮೈಯಲ್ಲಿ ಹಳದಿ ಇಣುಕಿದ ದಿನವೇ ಮತ್ತೆ ಕಲಾಯಿಗೆ ಕೊಡಿ.

ಬೆಣ್ಣೆ ಕಾಯಿಸಿದ ತುಪ್ಪ ಮರಳು ಮರಳಾಗಿ ಬರುವುದಿಲ್ಲ, ತಿಂಗಳಿಗೇ ಕಮಟುತ್ತದೆ. ವೀಳ್ಯದೆಲೆ ಹಾಕುವುದು ಯಾಕೆ?
— ದಾವಣಗೆರೆಯ ಓದುಗರು

ಕಮಟಲು ಕಾರಣ ಬೆಣ್ಣೆಯಲ್ಲಿ ಉಳಿದ ಮಜ್ಜಿಗೆ, ಇಲ್ಲವೇ ತುಪ್ಪದಲ್ಲಿ ಉಳಿದ ನೀರು. ಕಡೆದ ಬೆಣ್ಣೆಯನ್ನು ತಣ್ಣೀರಲ್ಲಿ ನೀರು ತಿಳಿಯಾಗುವ ತನಕ ನಾಲ್ಕೈದು ಸಲ ತೊಳೆಯಿರಿ. ದಪ್ಪ ತಳದ ಪಾತ್ರೆಯಲ್ಲಿ ಮಧ್ಯಮ ಉರಿ. ಮೊದಲು ಗದ್ದಲದ ಸದ್ದು ಬರುತ್ತದೆ, ಅದು ನೀರು ಹೋಗುತ್ತಿರುವುದು. ಸದ್ದು ಅಡಗಿ, ಗಸಿ ತಳಕ್ಕೆ ಕೂತು ಹೊಂಬಣ್ಣಕ್ಕೆ ತಿರುಗಿ, ಎರಡನೇ ಸಲ ಸಣ್ಣ ನೊರೆ ಎದ್ದಾಗ ಇಳಿಸಿ. ವೀಳ್ಯದೆಲೆ ಪರಿಮಳಕ್ಕೆ ಹೌದು, ಹದ ತಿಳಿಯುವುದಕ್ಕೂ ಹೌದು: ಎಲೆ ಗರಿಗರಿಯಾಗಿ ಮುರಿದರೆ ನೀರು ಹೋಗಿದೆ, ಬಾಗಿದರೆ ಇನ್ನೂ ಇದೆ. ಮರಳಾಗಬೇಕಾದರೆ ಸೋಸಿದ ತುಪ್ಪವನ್ನು ಅಲುಗಿಸದೆ, ಫ್ರಿಜ್ಜಿಗಿಡದೆ, ತಾನಾಗಿ ನಿಧಾನವಾಗಿ ತಣಿಯಲು ಬಿಡಿ. ಒಂದು ಕಿಲೋ ಮನೆಬೆಣ್ಣೆಗೆ 750ರಿಂದ 800 ಗ್ರಾಂ ತುಪ್ಪ ಬಂದರೆ ಸರಿಯಾಗಿದೆ.

ರಾಗಿಮುದ್ದೆಯಲ್ಲಿ ಒಣ ಹಿಟ್ಟಿನ ಗಂಟು ಉಳಿಯುತ್ತದೆ.
— ಮಂಡ್ಯದಿಂದ ಬೆಂಗಳೂರಿಗೆ ಬಂದ ಓದುಗರು

ಹಿಟ್ಟು ಹಾಕಿದ ತಕ್ಷಣ ತಿರುವುತ್ತಿದ್ದೀರಿ. ಎರಡು ಲೋಟ ನೀರಿಗೆ ಒಂದು ಲೋಟ ಹಿಟ್ಟು. ಅದರಲ್ಲೇ ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಮೊದಲು ಎಸರಿಗೆ ಬಿಡಿ. ಎಸರು ತೆಳ್ಳಗೆ ಅಂಬಲಿಯಾಗಿ ಉಕ್ಕಿದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಸಣ್ಣ ಉರಿಯಲ್ಲಿ ಐದಾರು ನಿಮಿಷ ಮುಟ್ಟದೆ ಮುಚ್ಚಿಡಿ. ಗುಡ್ಡೆಯ ಸುತ್ತ ಎಸರು ಉಕ್ಕಿ ಹಿಟ್ಟನ್ನು ಒಳಗಿನಿಂದ ಬೇಯಿಸುತ್ತದೆ. ಆಮೇಲೆ ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು, ಕವೆಗೋಲು ಇಲ್ಲದವರು ಇಕ್ಕಳದಿಂದ ಹಿಡಿದು, ಮುದ್ದೆಕೋಲಿನಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವಿ. ಮತ್ತೆ ಎರಡು ನಿಮಿಷ ಮುಚ್ಚಿಡಿ. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ. ಬಿಸಿಯಿರುವಾಗಲೇ ಒದ್ದೆ ಮಣೆಯ ಮೇಲೆ ಹಾಕಿ ನಾದಿ ಉಂಡೆ ಕಟ್ಟಿ, ಆರಿದರೆ ಮೇಲ್ಮೈ ಬಿರಿಯುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಬಾಳಕ ಒಣಗಿಸಬಹುದೇ? ಬಾಲ್ಕನಿಗೆ ಮೂರು ಗಂಟೆ ಮಾತ್ರ ಬಿಸಿಲು.
— ಹುಬ್ಬಳ್ಳಿಯ ಓದುಗರು

ಖಂಡಿತ ಆಗುತ್ತದೆ, ದಿನ ಹೆಚ್ಚು ಹಿಡಿಯುತ್ತದೆ ಅಷ್ಟೇ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮಾಡಿ. ಅರ್ಧ ಕಿಲೋ ದಪ್ಪ ಹಸಿಮೆಣಸಿನಕಾಯಿಯನ್ನು ತೊಟ್ಟು ಉಳಿಸಿ ಉದ್ದಕ್ಕೆ ಸೀಳಿ, ಒಂದು ಲೀಟರ್ ಹುಳಿ ಮಜ್ಜಿಗೆಗೆ 60 ಗ್ರಾಂ ಉಪ್ಪು ಹಾಕಿ ರಾತ್ರಿ ನೆನೆಸಿ. ಬೆಳಿಗ್ಗೆ ಹಿಂಡದೆ ತೆಗೆದು ಹರಡಿ, ಬಿಸಿಲು ಸರಿದ ಮೇಲೆ ಫ್ಯಾನಿನ ಕೆಳಗಿಡಿ, ಸಂಜೆ ಅದೇ ಮಜ್ಜಿಗೆಗೆ ಹಾಕಿ. ಹಗಲು ಮಜ್ಜಿಗೆಯನ್ನು ಫ್ರಿಜ್ಜಿನಲ್ಲಿಡಿ. ಮೂರು ನಾಲ್ಕು ದಿನದಲ್ಲಿ ಮಜ್ಜಿಗೆಯನ್ನೆಲ್ಲ ಕಾಯಿ ಹೀರಿಕೊಳ್ಳುತ್ತದೆ. ಅಲ್ಲಿಂದ ನಿಮ್ಮ ಬಾಲ್ಕನಿಯಲ್ಲಿ ಎಂಟು ಹತ್ತು ದಿನ ಒಣಗಬೇಕು. ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು, ತೊಟ್ಟು ಪಟ್ಟನೆ ಮುರಿಯಬೇಕು. ಉಪ್ಪನ್ನು ಇದಕ್ಕಿಂತ ಏರಿಸಬೇಡಿ, ಮಳೆಗಾಲದಲ್ಲಿ ಉಪ್ಪು ತೇವ ಎಳೆದು ಡಬ್ಬಿಯಲ್ಲೇ ಮೆತ್ತಗಾಗುತ್ತದೆ. ಮೆತ್ತಗಾದರೆ ಒಂದು ಮಧ್ಯಾಹ್ನದ ಬಿಸಿಲು ತೋರಿಸಿ ಕರಿಯಿರಿ.